ಸಾವಕಾಶ ನಡೀರಿ

ಕಳೆದ ಸಂಚಿಕೆಯ ಅಂಕಣದ ಕೊನೆಯಲ್ಲಿ ನಮ್ಮ ತಿಂಗಳ ನಡಿಗೆಯ ವಿಷಯವನ್ನು ಎರಡೇ ಸಾಲಿನಲ್ಲಿ ಹೇಳಿ ಮುಗಿಸಿದ್ದೆನಷ್ಟೆ. ಅದನ್ನೋದಿದ ಹೈದರಾಬಾದಿನ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಾವನವರಿಗೆ ಈಗ 74 ವರ್ಷ. ಊರಿನ ಮನೆಗೆ ಬೀಗ ಹಾಕಿ ಮಗನ ಬಳಿಗೆ ಬಂದು ಎರಡು ವರ್ಷವಾಯಿತಂತೆ. ಬೆಳಗಿನ ಕಾಫಿಯಿಂದ ಸಂಜೆ ದೀಪ ಹಚ್ಚುವವರೆಗೂ ಏಳನೆಯ ಅಂತಸ್ತಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. “ಊರಿನಲ್ಲಿದ್ದಾಗ ದಿನಕ್ಕೆರಡು ಸಲ ಹೊಲಕ್ಕೆ ಹೋಗಿ ಬರುತ್ತಿದ್ದವರು ಇವರೇ ಏನು ಎಂದು ನನಗೇ ಅನುಮಾನವಾಗುತ್ತದೆ. ನಿಮ್ಮ ಹಾಗೆ ನಾವೂ ನಾಲ್ಕು ಜನ ಹಿರಿಯರನ್ನು ಕೂಡಿಸಿಕೊಂಡು ಹಳ್ಳಿಯ ಕಡೆಗೆ ನಡೆಸಿಕೊಂಡು ಹೋಗಬಹುದೆ? ಏನೇನು ಸಿದ್ಧತೆ ಬೇಕು?” ಎಂದು ಕೇಳಿದ್ದಾರೆ.

ಹೋಗಬಹುದು, ತಾಯಿ, ಅವಶ್ಯವಾಗಿ ಹೋಗಬಹುದು. ಸಿದ್ಧತೆಯ ಮಾತನ್ನೂ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನಾನೊಂದು ತಪ್ಪೊಪ್ಪಿಕೊಳ್ಳಬೇಕಾಗಿದೆ. ಅದನ್ನು ಮುಚ್ಚಿಟ್ಟು ಬರಿಯ ಉಪದೇಶ ಬರೆದರೆ ನಮ್ಮ ಗುಂಪಿನವರು ಈ ಪುಟವನ್ನು ಓದಿ ನಕ್ಕಾರು.

ಪುಣೆಯಲ್ಲಿರುವವರಿಗೆ ಟೇಕಡಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಉಳಿದ ಊರಿನ ಓದುಗರಿಗಾಗಿ ಹೇಳುತ್ತೇನೆ: ಮನೆಮಠಗಳ ನಡುವೆಯೇ ಎದ್ದು ನಿಂತ ಗುಡ್ಡಗಳು ಅವು. ನೂರಕ್ಕೂ ಮಿಕ್ಕಿ ಮೆಟ್ಟಿಲುಗಳ ಪರ್ವತಿ, ಹನುಮಾನ್ ಟೇಕಡಿ, ತಳಜಾಯಿ, ಎಲ್ಲಕ್ಕಿಂತ ಎತ್ತರದ ವೇತಾಳ ಟೇಕಡಿ. ಬೆಳ್ಳಿ ಮೂಡುವ ಹೊತ್ತಿಗೇ ಕೈಯಲ್ಲಿ ಕೋಲು, ತಲೆಗೆ ಮಫ್ಲರು ಸುತ್ತಿಕೊಂಡು ಹತ್ತಲು ಆರಂಭಿಸುವ ಮರಾಠಿ ಆಜೋಬಾಗಳನ್ನು ನೋಡಿಯೇ ನಮ್ಮ ಸಂಘದ ಕೆಲವರಿಗೂ ನಡಿಗೆಯ ಹುರುಪು ಬಂದದ್ದು. ಮೊದಮೊದಲು ಎಲ್ಲ ವಯಸ್ಸಿನವರೂ ಕೂಡಿ ಹೋಗುತ್ತಿದ್ದೆವು. ಆದರೆ ಹುಡುಗರು ಕೈಗಡಿಯಾರ ನೋಡಿಕೊಂಡು ನಡೆಯುವವರು. ಈಗಿನ ಗಡಿಯಾರಗಳು ಹೊತ್ತನ್ನು ಮಾತ್ರವಲ್ಲದೆ ಹೆಜ್ಜೆಯನ್ನೂ ಎಣಿಸುತ್ತವೆ. ನಾವು ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಅವರು ಇಳಿದು ಬಂದು “ಗುಡ್ ಮಾರ್ನಿಂಗ್ ಆಂಟಿ” ಎಂದು ಹೋಗುತ್ತಿದ್ದರು. ಕಡೆಗೆ 60 ದಾಟಿದ ನಾವು ಹನ್ನೊಂದು ಜನ ಬೇರೆಯಾದೆವು. ಗುಡ್ಡ ಬೇಡ, ಊರ ಹೊರಗಿನ ಸಮದಾರಿ ಸಾಕು. ತಿಂಗಳಿಗೊಂದು ಭಾನುವಾರ ಸಾಕು ಎಂದು ಗೊತ್ತುಮಾಡಿಕೊಂಡೆವು. ಭಾನುವಾರವೇ ಏಕೆಂದರೆ, ವಾರದ ಉಳಿದ ದಿನಗಳಲ್ಲಿ ಮೊಮ್ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸುವ, ಇಳಿಸಿಕೊಳ್ಳುವ ನೌಕರಿ ನಮ್ಮದು. ನಿವೃತ್ತರಾದ ಮೇಲೆ ಸಿಕ್ಕ ಈ ನೌಕರಿಗೆ ರಜೆಯೆಂದರೆ ಭಾನುವಾರವೊಂದೇ.

ಮುಂದಾಳು ನಾನಾದೆ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಸಾಲುಗಟ್ಟಿ ನಡೆಸಿದವಳೆಂಬ ಹೆಮ್ಮೆ ಬೇರೆ.

ಇದು ಮೂರು ವರ್ಷದ ಹಿಂದಿನ ಮಾತು. ಗಣಪತಿ ಹಬ್ಬ ಮುಗಿದ ವಾರ. ಸ್ವಾರಗೇಟಿನಿಂದ ಸಾಸವಡಕ್ಕೆ ಬಸ್ಸು ಹಿಡಿದೆವು. ಪುಣೆಯಿಂದ ಸುಮಾರು 30 ಕಿಲೋಮೀಟರು. ನಡುವೆ ದಿವೆ ಘಾಟ್ ಹತ್ತಬೇಕು. ಹತ್ತುವಾಗ ಕೆಳಗೆ ಮಸ್ತಾನಿ ಕೆರೆ ಕಾಣುತ್ತದೆ. ಮಳೆ ಬಿಟ್ಟ ಹೊಸತಾದ್ದರಿಂದ ಗುಡ್ಡದ ಮೈಯೆಲ್ಲ ಹಸುರು. ಅದರ ಮೇಲೆ ಸೋನ್ಕಿಯ ಹಳದಿ ಹೂ, ನಮ್ಮ ಕರ್ಣಕುಂಡಲದ ಜಾತಿಯ ಗುಲಾಬಿ ಬಣ್ಣದ ತೇರಡಾ. ಇದೇ ಘಾಟಿನಲ್ಲಿ ಪ್ರತಿ ವರ್ಷ ಜ್ಞಾನೇಶ್ವರರ ಪಾಲಖಿ ಹತ್ತಿ ಹೋಗುತ್ತದೆ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರಿನ ದಾರಿ. ಅದರಲ್ಲಿ ನಡೆಯುವವರೊಳಗೆ ನಮಗಿಂತ ಹಿರಿಯರು ಎಷ್ಟೋ ಜನ. ನಮ್ಮ ಬೆಳಗಾವಿ, ವಿಜಾಪುರದ ಕಡೆಯಿಂದಲೂ ವಿಠ್ಠಲನ ದರ್ಶನಕ್ಕೆ ನಡೆದು ಹೋಗುವ ಪದ್ಧತಿ ಹಳೆಯದು. ಆ ಜನ ಅಷ್ಟು ದೂರ ನಡೆಯುವಾಗ ನಮಗೆ ನಾಲ್ಕು ಕಿಲೋಮೀಟರು ಯಾವ ಲೆಕ್ಕ ಎಂದು ಬಸ್ಸಿನಲ್ಲಿ ನಾನೇ ಭಾಷಣ ಬಿಗಿದದ್ದು ನೆನಪಿದೆ.

ಸಾಸವಡದಲ್ಲಿ ಕರ್ಹಾ ನದಿಯ ಸಂಗಮದ ಮೇಲೆ ಸಂಗಮೇಶ್ವರನ ಗುಡಿ. ಕಪ್ಪು ಕಲ್ಲಿನ ಕಟ್ಟಡ, ನೀರಿನವರೆಗೆ ಇಳಿದ ಸೋಪಾನ, ದೀಪಮಾಲೆ. ಅಲ್ಲಿ ಬುತ್ತಿ ಬಿಚ್ಚಿ ಚುರುಮುರಿ ತಿಂದು, ಹೊಲದ ಬದುವಿನ ದಾರಿ ಹಿಡಿದು ಚಾಂಗವಟೇಶ್ವರನ ಗುಡಿಯ ಕಡೆಗೆ ಹೊರಟೆವು. ಸಜ್ಜೆಯ ತೆನೆ ತೂಗುತ್ತಿತ್ತು. ಅಂಜೂರ ಮತ್ತು ಸೀತಾಫಲಕ್ಕೆ ಹೆಸರಾದ ಸೀಮೆ ಇದು. ದಾರಿಯುದ್ದಕ್ಕೂ ಸೀತಾಫಲದ ಗಿಡಗಳು.

ನಮ್ಮ ಗುಂಪಿನಲ್ಲಿ ಧಾರವಾಡದ ಕಡೆಯ ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರು ಇದ್ದಾರೆ. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುವುದು. ಆಗ ಅವರಿಗೆ 78. ಬಲಗಾಲಿನ ಮೊಣಕಾಲು ನೋವು. ಅವರು ಹಿಂದೆ ಬಿದ್ದರು. ನಾವು ಮುಂದೆ ಹೋಗಿ ಒಂದು ನೆರಳಿನಲ್ಲಿ ಕುಳಿತು ಕಾದೆವು. ಅವರು ಏದುಸಿರು ಬಿಡುತ್ತ ಬಂದು ತಲುಪಿದ ಕೂಡಲೆ ನಾನು “ಹಾಂ, ಕಾಕಾ ಬಂದರು, ಏಳಿ, ಹೊರಡೋಣ” ಎಂದು ಎದ್ದೆ. ಮತ್ತೆ ಅವರು ಹಿಂದೆ ಬಿದ್ದರು. ಮತ್ತೆ ನಾವು ಕುಳಿತೆವು. ಮತ್ತೆ ಅವರು ಬಂದೊಡನೆ ಎದ್ದೆವು. ಹೀಗೆ ಮೂರು ಸಲವಾಯಿತು. ಓದುಗರು ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ದಣಿಯದ ಹತ್ತು ಜನರಿಗೆ ಮೂರು ಸಲ ವಿಶ್ರಾಂತಿ ಸಿಕ್ಕಿತು. ದಣಿದ ಒಬ್ಬರಿಗೆ ಒಂದು ಸಲವೂ ಸಿಗಲಿಲ್ಲ. ನಾವು ಅವರಿಗಾಗಿ ಕಾಯುತ್ತಿದ್ದೇವೆ, ಎಷ್ಟು ಒಳ್ಳೆಯವರು ನಾವು ಎಂದುಕೊಂಡೇ ಇದನ್ನೆಲ್ಲ ಮಾಡಿದೆವು!

ನಾಲ್ಕನೆಯ ಸಲ ಅವರೇ ಒಂದು ಬೇವಿನ ಮರದ ಕೆಳಗೆ ನಿಂತು, “ಅಕ್ಕಾರ, ನಾ ಇಲ್ಲೇ ಕೂತಿರ್ತೀನಿ. ನನ್ನ ಸಲುವಾಗಿ ನೀವ್ಯಾಕ ತಡಾ ಮಾಡ್ಕೋತೀರಿ? ಹೋಗಿ ಬರ್ರಿ” ಎಂದರು. ಆ ಸೀಮೆಯಲ್ಲಿ ಶಾಲೆಯ ಮಾಸ್ತರಣಿಯರನ್ನು ಅಕ್ಕಾರ ಎನ್ನುವುದು ರೂಢಿ. ಶಿವಮೊಗ್ಗದವಳಾದ ನನ್ನನ್ನೂ ಅವರು ಹಾಗೆಯೇ ಕರೆಯುತ್ತಾರೆ. ಬೇಡ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ನಿಜ ಹೇಳುತ್ತೇನೆ, ಮನಸ್ಸಿಗೆ ಹಗುರವೆನಿಸಿತು. “ಆಗಲಿ ಕಾಕಾ, ಬೇಗ ಬರುತ್ತೇವೆ” ಎಂದು ಹೊರಟುಬಿಟ್ಟೆ.

ಚಾಂಗವಟೇಶ್ವರನ ಹೆಸರನ್ನು ಯೋಗಿ ಚಾಂಗದೇವರ ಹೆಸರಿನೊಂದಿಗೆ ಸೇರಿಸಿ ಹೇಳುವರು. ಗುಡಿಯ ಜಗಲಿಯಲ್ಲಿ ಕುಳಿತು ನಾನು ಅವರ ಕಥೆ ಹೇಳಿದೆ. ಯೋಗಬಲದಿಂದ 1400 ವರ್ಷ ಬದುಕಿದ್ದ ಚಾಂಗದೇವರಿಗೆ ಬಾಲಕ ಜ್ಞಾನೇಶ್ವರನ ಕೀರ್ತಿ ಕೇಳಿ ಪತ್ರ ಬರೆಯಬೇಕೆನಿಸಿತಂತೆ. ವಯಸ್ಸಿನಲ್ಲಿ ಕಿರಿಯನೆಂದು ಆಶೀರ್ವದಿಸಬೇಕೋ, ಜ್ಞಾನದಲ್ಲಿ ಹಿರಿಯನೆಂದು ನಮಸ್ಕರಿಸಬೇಕೋ ತಿಳಿಯದೆ ಬರಿಯ ಕಾಗದವನ್ನೇ ಕಳಿಸಿದರು. ಅದನ್ನು ನೋಡಿ ತಂಗಿ ಮುಕ್ತಾಬಾಯಿ, ಇಷ್ಟು ವರ್ಷ ಬದುಕಿಯೂ ಈತ ಬರಿಯ ಕಾಗದವಾಗಿಯೇ ಉಳಿದನಲ್ಲ ಎಂದಳಂತೆ. ಜ್ಞಾನೇಶ್ವರರು 65 ಓವಿಗಳಲ್ಲಿ ಉತ್ತರ ಬರೆದರು. ಅದೇ ‘ಚಾಂಗದೇವ ಪಾಸಷ್ಟಿ’. ಎಲ್ಲರೂ ಕಥೆಗೆ ತಲೆದೂಗಿದರು. 1400 ವರ್ಷದ ಮುದುಕರ ಕಥೆಯಲ್ಲಿ ಮುಳುಗಿ ನಮ್ಮ 78 ವರ್ಷದ ಮುದುಕರನ್ನು ಮರೆತೆವು. ಯಾರೋ, ಬಂದ ದಾರಿಯಲ್ಲಿ ಕೆಸರಿದೆ, ಡಾಂಬರು ರಸ್ತೆಯಲ್ಲಿ ಹೋಗೋಣ ಎಂದರು. ಸರಿ ಎಂದು ನೇರವಾಗಿ ಬಸ್ಸು ನಿಲ್ದಾಣಕ್ಕೇ ಬಂದೆವು. ಅಲ್ಲಿ ಟಿಕೆಟ್ಟಿಗೆ ಹಣ ಕೂಡಿಸುವಾಗ ಹತ್ತೇ ಜನ.

ರಿಕ್ಷಾ ಹಿಡಿದು, ಅದು ಹೋಗುವಷ್ಟು ಹೋಗಿ, ಅಲ್ಲಿಂದ ಹೊಲದಲ್ಲಿ ಓಡಿದೆ. ಈ ಮೊಣಕಾಲುಗಳಿಂದ ಅದನ್ನು ಓಟವೆನ್ನಬಹುದಾದರೆ. ಕಾಕಾ ಬೇವಿನ ಮರದ ಕೆಳಗೇ ಇದ್ದರು. ಹೊಲದೊಡತಿಯೊಬ್ಬಳು ಶೇಂಗಾದ ರಾಶಿ ಹಾಕಿಕೊಂಡು ಕುಳಿತಿದ್ದಳು. ಅವಳ ಎದುರಿಗೆ ಇವರೂ ಕಾಯಿ ಬಿಡಿಸುತ್ತ ಕುಳಿತಿದ್ದರು. ಪಕ್ಕದಲ್ಲಿ ನೀರಿನ ತಂಬಿಗೆ, ಭಾಕರಿ ತಿಂದ ತಟ್ಟೆ. ಸುಮಾರು ಎರಡು ಗಂಟೆ ಆಗಿತ್ತು. ಆ ಹೆಣ್ಣುಮಗಳು ನನ್ನನ್ನು ನೋಡಿ ಮರಾಠಿಯಲ್ಲಿ, “ಮನೆಯ ಹಿರಿಯರನ್ನು ಹೀಗೆ ಮರೆತು ಹೋಗುತ್ತಾರೇನು ಬಾಯಿ?” ಎಂದಳು. ಕಾಕಾ ಮಾತ್ರ ನಗುತ್ತ, “ಇರಲಿ ಬಿಡ್ರಿ ಅಕ್ಕಾರ, ಭಾಳ ವರ್ಷದ ಮ್ಯಾಲ ಶೇಂಗಾ ಬಿಡಿಸಿದೆ” ಎಂದು ಎದ್ದರು.

ಮುಂದಿನ ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಫೋನು ಮಾಡಿದರೆ ಸೊಸೆ, “ಮಾವನವರಿಗೆ ಮೊಣಕಾಲು ನೋವು ಹೆಚ್ಚಾಗಿದೆ” ಎಂದಳು. ಮೂರನೆಯ ತಿಂಗಳು ನಾನು ಮನೆಗೇ ಹೋದೆ. ಅವರೂ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಹಾ ಆಯಿತು, ಊರಿನ ಮಳೆಯ ಮಾತಾಯಿತು. ನಾನು ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು:

“ನೀರ ಕೊಟ್ಟಾಕಿ ಯಾವ ಊರು ಅಂತ ಕೇಳಿದ್ಲು. ಧಾರವಾಡ ಅಂದೆ. ಅಲ್ಲ, ಇಲ್ಲೆ ಯಾರ ಜೋಡಿ ಬಂದೀರಿ ಅಂದ್ಲು. ಯಾರ ಜೋಡಿ ಅಂತ ಹೇಳಲಿ, ಅಕ್ಕಾರ? ನನಗ ಬಾಯಿ ಬರಲಿಲ್ಲ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಏನೋ ಹೇಳಬೇಕಲ್ಲ ಎಂದು, “ಕಾಕಾ, ಇನ್ನು ಮುಂದೆ ನೀವೇ ಮುಂದೆ ನಡೆಯಿರಿ. ನಾವು ನಿಮ್ಮ ಹಿಂದೆ ಬರುತ್ತೇವೆ” ಎಂದೆ. ಸಮಾಧಾನಕ್ಕೆ ಆಡಿದ ಮಾತು ಅದು. ಆದರೆ ಅವರು ಅದನ್ನು ಹಿಡಿದುಕೊಂಡರು. ಮಾಸ್ತರರಾಗುವ ಮೊದಲು ಅವರು ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಟಪಾಲು ಹಂಚುವ ಕೆಲಸದಲ್ಲಿದ್ದವರೆಂಬುದು ನನಗೆ ಆ ದಿನ ತಿಳಿಯಿತು. “ಹೆಗಲಿಗೆ ಚೀಲ ಹಾಕ್ಕೊಂಡು ದಿನಾ ಹನ್ನೆರಡು ಮೈಲ ನಡದಾಂವ ನಾ. ನಡಿಯೂದ ನನಗ ಕಲಸ್ತೀರೇನು? ಮುಂದ ನಡೀತೀನಿ. ಆದರ ನಾ ನಿಂತಾಗ ನೀವು ನಿಲ್ಲಬೇಕು, ನಾ ಎದ್ದ ಮ್ಯಾಲ ನೀವು ಏಳಬೇಕು. ಒಪ್ಪಿದರ ಬರ್ತೀನಿ.”

ಅಂದಿನಿಂದ ನಮ್ಮ ಕಾಯಿದೆ ಇಷ್ಟೇ. ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಎಲ್ಲರಿಗಿಂತ ಮುಂದೆ. ಅವರನ್ನು ಯಾರೂ ದಾಟುವಂತಿಲ್ಲ. ಎಲ್ಲರಿಗಿಂತ ಹಿಂದೆ ಒಬ್ಬರು ಗಟ್ಟಿಗರು. ನಮ್ಮಲ್ಲಿ ಬ್ಯಾಂಕಿನಲ್ಲಿದ್ದು ನಿವೃತ್ತರಾದ ಮಹನೀಯರೊಬ್ಬರಿಗೆ ಆ ಕೆಲಸ. ಪ್ರತಿ ನಿಲುಗಡೆಯಲ್ಲಿ ತಲೆ ಎಣಿಸುವುದು ಅವರೇ. ಹಣ ಎಣಿಸಿದ ಕೈಯಾದ್ದರಿಂದ ತಪ್ಪುವುದಿಲ್ಲ. ಪಾಲಖಿಯ ದಾರಿಯಲ್ಲಿ ತಂಗುವ ಜಾಗಕ್ಕೆ ‘ವಿಸಾವಾ’ ಎನ್ನುತ್ತಾರೆ. ಆ ನಡಿಗೆಯ ಬಗ್ಗೆ ಬಸ್ಸಿನಲ್ಲಿ ಭಾಷಣ ಬಿಗಿದಾಗ ನಾನು ಕಿಲೋಮೀಟರನ್ನು ಎಣಿಸಿದ್ದೆನೇ ಹೊರತು ವಿಸಾವಾಗಳನ್ನು ಎಣಿಸಿರಲಿಲ್ಲ. ಈಗ ಯಾರಾದರೂ ಕಾಲು ಚುರುಕು ಮಾಡಿದರೆ ಮುಂದಿನಿಂದ ಕಾಕಾ ತಿರುಗದೆಯೇ “ಸಾವಕಾಶ ನಡೀರಿ” ಎನ್ನುತ್ತಾರೆ. ಮರಾಠಿಯಲ್ಲೂ ಅದೇ ಮಾತು ಇರುವುದರಿಂದ ಹೊಲದಲ್ಲಿ ಕಳೆ ಕೀಳುವವರೂ ಕೇಳಿ ನಗುತ್ತಾರೆ.

ಇದರಿಂದ ನಮ್ಮ ವೇಗ ಗಂಟೆಗೆ ಎರಡು ಕಿಲೋಮೀಟರಿಗೆ ಇಳಿದಿದೆ. ಇದಕ್ಕೂ ನಡಿಗೆ ಎನ್ನುತ್ತಾರೆಯೇ ಎಂದು ಗೊಣಗುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ 65 ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ಶ್ರಮವನ್ನು ಮಾಡಬೇಕು; ಅದರ ಜೊತೆಗೆ ಬೀಳದಂತೆ ತೋಲ ಕಾಯುವ ಅಭ್ಯಾಸವನ್ನು ವಾರದಲ್ಲಿ ಮೂರು ದಿನವಾದರೂ ಮಾಡಬೇಕು. ಮಧ್ಯಮವೆಂದರೆ, ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು ಎಂದು ವೈದ್ಯರು ಲೆಕ್ಕ ಹೇಳುತ್ತಾರೆ. ನಮ್ಮ ಗುಂಪಿನ ಒಬ್ಬ ಸೋದರಿ ದಾರಿಯುದ್ದಕ್ಕೂ ದಾಸರ ಪದ ಹಾಡುತ್ತಲೇ ಬರುತ್ತಾರೆ. ಆದ್ದರಿಂದ ನಮ್ಮ ಭಾನುವಾರ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಧೈರ್ಯವಾಗಿ ಒಪ್ಪಿಕೊಳ್ಳುತ್ತೇನೆ. ಆ ವ್ಯಾಯಾಮವನ್ನು ವಾರದ ಉಳಿದ ದಿನ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಮನೆಯ ಹತ್ತಿರವೇ ಮಾಡಿಕೊಳ್ಳಲಿ. ಭಾನುವಾರದ್ದು ಬೇರೆ.

ಇನ್ನು ಹೈದರಾಬಾದಿನ ಸೋದರಿಯ ಪ್ರಶ್ನೆಗೆ.

ದಾರಿಯನ್ನು ಮೊದಲು ನೀವೊಬ್ಬರೇ ನಡೆದು ನೋಡಿ ಬನ್ನಿ. ನೋಡಬೇಕಾದದ್ದು ದೃಶ್ಯವನ್ನಲ್ಲ, ಶೌಚಾಲಯವನ್ನು. ನಗಬೇಡಿ. ನಮ್ಮ ವಯಸ್ಸಿನ ಹೆಂಗಸರು ಹೊರಗೆ ಹೊರಡುವ ದಿನ ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಎಲ್ಲಿ ಹೋಗುವುದು ಎಂಬ ಅಂಜಿಕೆ. ರಕ್ತದೊತ್ತಡಕ್ಕೆ ನೀರಿನ ಮಾತ್ರೆ ತೆಗೆದುಕೊಳ್ಳುವವರು ಆ ದಿನ ಮಾತ್ರೆಯನ್ನೂ ನುಂಗದೆ ಬರುತ್ತಾರೆ. ಅದನ್ನು ಯಾರಿಗೂ ಹೇಳುವುದಿಲ್ಲ. ಹೀಗೆ ಬಂದವರೇ ಬಿಸಿಲಿನಲ್ಲಿ ತಲೆ ತಿರುಗಿ ಕೂರುವುದು. ನಾನು ಹತ್ತು ಸಲ “ನೀರು ಕುಡಿಯಿರಿ” ಎಂದು ಹೇಳಿದ್ದೆ, ಯಾರೂ ಕೇಳಿರಲಿಲ್ಲ. ಗುಡಿಯ ಹಿಂದೆ ಒಳ್ಳೆಯ ಕೋಣೆಯಿದೆ, ಬಾಗಿಲಿಗೆ ಚಿಲಕವಿದೆ ಎಂದು ಹೇಳತೊಡಗಿದ ಮೇಲೆ ಎಲ್ಲರ ಬಾಟಲಿಯೂ ಖಾಲಿಯಾಗುತ್ತಿದೆ. ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂಬುದನ್ನು ಅವರವರ ಡಾಕ್ಟರರನ್ನೇ ಕೇಳಲಿ. ತಾವಾಗಿ ಬಿಡುವುದು ಬೇಡ.

ಸಕ್ಕರೆ ಕಾಯಿಲೆಯವರು ಉಪವಾಸ ಬರಕೂಡದು. ಏಕಾದಶಿಯಾದರೂ ಸರಿ, ಅಂಥವರು ಮನೆಯಲ್ಲಿರಲಿ ಅಥವಾ ತಿಂದು ಬರಲಿ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲೇಬೇಕು. ಕೈ ನಡುಗಿ ಬೆವರು ಬಂದರೆ ಆ ಕ್ಷಣ ಬಾಯಿಗೆ ಹಾಕಿಕೊಳ್ಳಬೇಕು. ಕೋಲಿನ ವಿಷಯದಲ್ಲಿ ನನಗೇ ಎಷ್ಟೋ ವರ್ಷ ತಿಳಿದಿರಲಿಲ್ಲ: ಬಲಗಾಲು ನೋವಾದರೆ ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು, ಎಡಗಾಲಿಗೆ ಬಲಗೈ. ಮತ್ತೊಂದು, ಏರಿಗಿಂತ ಇಳಿಜಾರು ಮೊಣಕಾಲಿಗೆ ಕಷ್ಟ. ಹತ್ತಿಬಿಟ್ಟರೆ ಇಳಿಯುವುದೇನು ಎಂಬ ಮಾತು ಇಪ್ಪತ್ತರ ವಯಸ್ಸಿನವರದು.

ಇಂಗ್ಲೆಂಡಿನಲ್ಲಿ ಹೊಲಗಳ ನಡುವೆ ಹಾದುಹೋಗುವ ಕಾಲುದಾರಿಗಳನ್ನು 1949ರ ಕಾನೂನಿನ ಮೇರೆಗೆ ನಕ್ಷೆಯಲ್ಲಿ ಗುರುತಿಸಿಟ್ಟಿದ್ದಾರೆ. ಅಲ್ಲಿ ನಡೆಯುವುದು ಜನರ ಹಕ್ಕು. ನಮಗೆ ದಾರಿ ಸಿಗುವುದು ಹೆಚ್ಚಾಗಿ ರೈತನ ಸೌಜನ್ಯದಿಂದ. ಆದ್ದರಿಂದ ಬದುವಿನ ಮೇಲೆ ಕಾಲಿಡುವ ಮೊದಲು ಅವನನ್ನು ಕಂಡು ಮಾತಾಡಿಸಬೇಕು. ಅವನ ಊರಿನ ಭಾಷೆಯ ನಾಲ್ಕು ಮಾತು ನಿಮಗೆ ಬರಬೇಕು. ನಮ್ಮ ಗುಂಪಿನಲ್ಲಿ ಇಪ್ಪತ್ತು ವರ್ಷ ಪುಣೆಯಲ್ಲಿದ್ದೂ ತರಕಾರಿಯವನಿಗಿಂತ ಆಚೆ ಮರಾಠಿ ಆಡದವರಿದ್ದರು. ಈಗ ಸಾಸವಡದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವ ಮನೆಗಳಿವೆ. ಶೇಂಗಾ ಬಿಡಿಸುತ್ತಿದ್ದ ಆ ಹೆಣ್ಣುಮಗಳು ಪ್ರತಿ ಸಲವೂ ಕಾಕಾರ ಮೊಣಕಾಲನ್ನು ವಿಚಾರಿಸುತ್ತಾಳೆ. ನನ್ನನ್ನು ಇನ್ನೂ ಸ್ವಲ್ಪ ಸಂಶಯದಿಂದಲೇ ನೋಡುತ್ತಾಳೆ.

ನಿಮ್ಮ ಊರಿನಲ್ಲಿ ಎಲ್ಲಿ ಹೋಗಬೇಕೆಂಬುದು ನಿಮಗೇ ಹೆಚ್ಚು ಗೊತ್ತು. ಉಸ್ಮಾನ್ ಸಾಗರದ ಆಸುಪಾಸಿನಲ್ಲಿ, ಚಿಲುಕೂರು ಬಾಲಾಜಿಯ ಕಡೆಗೆ ಒಮ್ಮೆ ನೋಡಿ. ಅಲ್ಲಿ ಹರಕೆ ಫಲಿಸಿದವರು 108 ಪ್ರದಕ್ಷಿಣೆ ಹಾಕುವರಲ್ಲವೇ? ಮಾವನವರಿಗೆ ಅಷ್ಟು ಬೇಡ, ಹನ್ನೊಂದು ಹಾಕಲಿ; ಅದೇ ಮೊದಲ ನಡಿಗೆಯಾಗಲಿ. ಬೇಸಗೆಯಲ್ಲಿ ಮಾತ್ರ ಹೊರಡಬೇಡಿ. ಮಳೆ ನಿಂತ ಮೇಲಿನ ನಾಲ್ಕು ತಿಂಗಳು ಸಾಕು. ಮತ್ತು ದಯವಿಟ್ಟು ಅವರನ್ನು “ನಡೆಸಿಕೊಂಡು” ಹೋಗಬೇಡಿ. ಹೊಲ ನೋಡಿದವರು ಅವರು; ಮುಂದೆ ಅವರೇ ನಡೆಯಲಿ.

ಕಾಕಾಗೆ ಈಗ 81. ಈ ವರ್ಷ ಅವರು ಚಾಂಗವಟೇಶ್ವರನವರೆಗೆ ಹೋಗಲಾರರು. ಸಂಗಮೇಶ್ವರನಿಂದ ಬೇವಿನ ಮರದವರೆಗೆ ಹೋಗಬಲ್ಲರು, ಅಷ್ಟೇ. ಈ ಬಗ್ಗೆ ನಮ್ಮಲ್ಲಿ ಮೊನ್ನೆ ಸ್ವಲ್ಪ ಬಿಸಿಯಾಗಿಯೇ ಚರ್ಚೆಯಾಯಿತು. ಗಟ್ಟಿ ಇರುವವರು ಗುಡಿಯವರೆಗೆ ಹೋಗಿ ಬರಲಿ, ಉಳಿದವರು ಮರದ ಕೆಳಗೆ ಕೂತಿರಲಿ ಎಂದು ಇಬ್ಬರು ಸೂಚಿಸಿದರು. ಅವರ ಮಾತು ತಪ್ಪೆಂದು ಹೇಳಲಾರೆ. ಕಾಲು ಇರುವಾಗ ನಡೆಯಬೇಕೆಂಬ ಆಸೆ ಅವರಿಗೂ ಇದೆಯಲ್ಲ! ಬ್ಯಾಂಕಿನ ಮಹನೀಯರು ಒಂದು ದಾರಿ ಹೇಳಿದರು: ದೂರ ನಡೆಯುವವರಿಗೆ ಬೇರೆ ಭಾನುವಾರ ಇಟ್ಟುಕೊಳ್ಳೋಣ, ಈ ಭಾನುವಾರವನ್ನು ಒಡೆಯುವುದು ಬೇಡ. ಅದಕ್ಕೆ ಎಲ್ಲರೂ ಒಪ್ಪಿದರು. ಒಬ್ಬರು ಮಾತ್ರ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಆದ್ದರಿಂದ ಪುಣೆಯ ಓದುಗರಿಗೆ ಸೂಚನೆ: ದೀಪಾವಳಿ ಕಳೆದ ಮೇಲಿನ ಎರಡನೆಯ ಭಾನುವಾರ, ಬೆಳಗ್ಗೆ ಏಳು ಗಂಟೆಗೆ ಸ್ವಾರಗೇಟಿನಲ್ಲಿ ಸೇರುವುದು. ಬುತ್ತಿ ಅವರವರದೇ. ನಡಿಗೆ ಬೇವಿನ ಮರದವರೆಗೆ. ಶೇಂಗಾ ಬಿಡಿಸಲು ಸಿದ್ಧರಾಗಿ ಬರಬೇಕು.